ಕಿರುಬೆರಳಿನ ಅಳತೆ

ನನ್ನ ಸೈಕಲ್ಲಿನ ಹಿಂದಿನ ಟಯರ್ ನಡುವೆ ಸವೆದು ಒಳಗಿನ ನೂಲು ಕಾಣಿಸತೊಡಗಿತ್ತು. ಮುಂದಿನದು ಇನ್ನೊಂದು ಮಳೆಗಾಲ ತಡೆದೀತು. ಎರಡನ್ನೂ ಒಟ್ಟಿಗೆ ಬದಲಿಸಬೇಕೋ, ಹಿಂದಿನದೊಂದೇ ಸಾಕೋ ಎಂದು ಕೇಳಲು ಕಾಪುವಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರ ನಂಬರಿಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. "ಅವರು ಹೋಗಿ ಇವತ್ತಿಗೆ ಹದಿನೆಂಟು ದಿವಸ ಆಯ್ತು ಮೇಡಂ" ಎಂದರು. "ಟಯರ್ ಕೇಳಾಕ ಮಾಡಿದ್ದೆರೀ" ಎಂದುಬಿಟ್ಟೆ. ಆ ತಾಯಿ ಬೇಸರ ಮಾಡಿಕೊಳ್ಳಲಿಲ್ಲ. "ಕೇಳುವವರು ಇನ್ನೂ ಫೋನ್ ಮಾಡ್ತಾರೆ" ಎಂದರು, ಅಷ್ಟೇ.

ಯಾಕೆ ಮಾಡುವುದಿಲ್ಲ? ಟಯರ್ ಮಾರುವ ಅಂಗಡಿಗಳು ಉಡುಪಿಯಲ್ಲಿ ಬೇಕಾದಷ್ಟಿವೆ. ಕೇಳಿದ ಟಯರನ್ನು ಕೊಡುವುದಿಲ್ಲ ಎನ್ನುತ್ತಿದ್ದವರು ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ ಇದ್ದಿರಬೇಕು.

ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿ ಅವರ ಸೈಕಲ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಪ್ರಾಯದಲ್ಲಿ ಗಲ್ಫಿಗೆ ಹೋಗಿ, ಅಲ್ಲಿನ ಗ್ಯಾರೇಜೊಂದರಲ್ಲಿ ಲಾರಿ ಟಯರುಗಳನ್ನು ಬಿಚ್ಚಿ ಹಾಕಿ ಸಾಕಾಗಿ, ಊರಿಗೆ ಬಂದು ಸೈಕಲ್ ಹಿಡಿದವರು. "ಲಾರಿಯ ಟಯರ್ ಮಾತಾಡುವುದಿಲ್ಲ ಮೇಡಂ, ಸೈಕಲಿನದ್ದು ಮಾತಾಡ್ತದೆ" ಎಂದು ಕಾರಣ ಕೊಡುತ್ತಿದ್ದರು. ಊರಿನ ಬ್ಯಾರಿ ಮುಸ್ಲಿಮರಿಗೂ ಉಳಿದವರಿಗೂ ಅವರು ಕಾಕ. ನಾನು ಗದಗ ಕಡೆಯವಳು, ನನ್ನ ಬಾಯಿಗೆ ಬಂದದ್ದು 'ಸಾಹೇಬ್ರ'. ಮೊದಲ ಸಲ ಹಾಗೆ ಕರೆದಾಗ ತಮ್ಮ ಹಿಂದೆ ಯಾರೋ ದೊಡ್ಡವರು ಬಂದಿದ್ದಾರೆಂದು ತಿರುಗಿ ನೋಡಿದ್ದರು.

ಆ ಅಂಗಡಿಯಲ್ಲಿ ಸಲಕರಣೆ ಎಂದು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಇದ್ದದ್ದು ಅವರ ಬೆರಳುಗಳು. ಟಯರಿನ ಒಳಮೈಯಲ್ಲಿ ತೋರುಬೆರಳನ್ನು ಒಂದು ಸುತ್ತು ಆಡಿಸಿ, ಕಣ್ಣಿಗೆ ಕಾಣದ ಮುಳ್ಳಿನ ತುದಿಯನ್ನು ಹಿಡಿಯುತ್ತಿದ್ದರಂತೆ. ಹೆಬ್ಬೆರಳಿನಲ್ಲಿ ಒತ್ತಿ ರಬ್ಬರು ಯಾವ ಜಾತಿಯದ್ದು, ಗಾಳಿ ಎಷ್ಟಿದೆ ಎಂದು ಹೇಳುತ್ತಿದ್ದರು. ಫ್ರೇಮಿಗೂ ಟಯರಿಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗಿ ಬಂದರೆ ಆ ಟಯರ್ ಆ ಸೈಕಲ್ಲಿಗೆ ಸರಿ. ಟಯರಿನ ಮೇಲೆ ಅಳತೆ ಅಚ್ಚಾಗಿದೆಯಲ್ಲ ಎಂದು ಯಾರಾದರೂ ತೋರಿಸಿದರೆ, "ನಂಬರ್ ಬರೆದವನು ನಿಮ್ಮ ಸೈಕಲ್ ನೋಡಿದ್ದಾನಾ?" ಎಂದು ಕೇಳುತ್ತಿದ್ದರು. ಅವರ ಅಂಗಡಿ ನಿಂತದ್ದೇ ಆ ಹತ್ತು ಬೆರಳುಗಳ ಮೇಲೆ. ಅವು ಹೋದರೆ ಅಂಗಡಿಯೂ ಹೋಯಿತು, ಕಾಕ ಎಂಬ ಹೆಸರಿನ ತೂಕವೂ ಹೋಯಿತು.

ಇನ್ನು ನನ್ನ ಕಸುಬು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನಾನು ನರಗಳ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಕೈಕಾಲಿನ ಬೆರಳುಗಳಿಗೆ ಸ್ಪರ್ಶ ತಿಳಿಯುತ್ತದೋ ಇಲ್ಲವೋ ಎಂದು ನೋಡುವುದೇ ಇಪ್ಪತ್ತು ವರ್ಷಗಳಿಂದ ನನ್ನ ಹೊಟ್ಟೆಪಾಡು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನಾನೆಂಥ ದಡ್ಡಿ ಎಂಬುದು ನಿಮಗೆ ಸರಿಯಾಗಿ ತಿಳಿಯಬೇಕು.

ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಸೈಕಲ್ಲಿನ ಹುಚ್ಚು ಹತ್ತಿತು. ಅಷ್ಟು ವರ್ಷ ಮಣಿಪಾಲದಲ್ಲಿದ್ದರೂ ಊರಿಂದ ಬಂದ ನೆಂಟರಿಗೆ ಸಮುದ್ರ ತೋರಿಸಿದ್ದು ಬಿಟ್ಟರೆ ಈ ಸೀಮೆಯ ಒಳದಾರಿಗಳನ್ನು ನಾನು ಕಂಡವಳಲ್ಲ. ಹೈಬ್ರಿಡ್ ಸೈಕಲ್ ಕೊಂಡೆ. ಅದು ಡಾಂಬರಿನ ಮೇಲೆ ಹಾರುವ ಸೈಕಲ್ಲೂ ಅಲ್ಲ, ಗುಡ್ಡ ಹತ್ತುವ ಸೈಕಲ್ಲೂ ಅಲ್ಲ, ಎರಡರ ನಡುವಿನ ಸಂಸಾರಸ್ಥ ಸೈಕಲ್. ಅದರ ನುಣುಪು ಟಯರು ಕಾರ್ಕಳದ ಹತ್ತಿರ ಕೆಂಪುಕಲ್ಲಿನ ಹರಳು ಹಾಸಿದ ಇಳಿಜಾರಿನಲ್ಲಿ ಜಾರಿ, ನಾನು ಎರಡೂ ಮೊಣಕೈ ಕೆತ್ತಿಸಿಕೊಂಡೆ. ಭಾನುವಾರ ಜೊತೆಗೆ ಬರುತ್ತಿದ್ದವರೆಲ್ಲ ಒಂದೇ ಮಾತು ಹೇಳಿದರು: ದಪ್ಪ ಬಟನ್ ಟಯರ್ ಹಾಕಿಸು. ಬಟನ್ ಎಂದರೆ ಟಯರಿನ ಮೈಮೇಲಿನ ರಬ್ಬರಿನ ಉಬ್ಬುಗಳು. ಕಾಪುವಿಗೆ ಹೋಗು ಎಂದವರೂ ಅವರೇ.

"ಎಂತ ಬೇಕು?" ಎಂದರು ಕಾಪುವಿನ ಅಂಗಡಿಯವರು, ಕೆಲಸದಿಂದ ತಲೆ ಎತ್ತದೆ.

"ಆಫ್‌ರೋಡ್ ಟಯರ್ ಬೇಕ್ರಿ ಸಾಹೇಬ್ರ. ಬಟನ್ ಇದ್ದದ್ದು, ದಪ್ಪಂದು."

"ಎಲ್ಲಿಗೆ ಹೋಗ್ಲಿಕ್ಕೆ?"

"ಎಲ್ಲಿಗೆ ಬೇಕಂದ್ರ ಅಲ್ಲಿಗೆ."

"ಎಲ್ಲಿ ಬೇಕಾದರೂ ಹೋಗುವ ಟಯರ್ ಇದ್ದಿದ್ದರೆ ಕಂಪೆನಿಯವರು ಇಷ್ಟು ನಮೂನೆಯದ್ದು ಯಾಕೆ ಮಾಡ್ತಿದ್ದರು ಮೇಡಂ?"

ಹೂಡೆ, ಮಟ್ಟು, ಕಾರ್ಕಳ ಎಂದು ನಾನು ಓಡಾಡುವ ಜಾಗಗಳನ್ನು ಹೇಳಿದೆ. ಅವರು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತರು. "ಬಾಯಲ್ಲಿ ಹೇಳಿದರೆ ಆಗ್ಲಿಕ್ಕಿಲ್ಲ. ಮಣ್ಣು ತನ್ನಿ. ಯಾವ್ಯಾವ ದಾರಿಯಲ್ಲಿ ಹೋಗ್ತೀರೋ ಆ ದಾರಿಯದ್ದು ಒಂದೊಂದು ಮುಷ್ಟಿ."

"ಟಯರ್ ಕೊಡ್ರಿ ಅಂದ್ರ ಮಣ್ಣು ತಾ ಅಂತೀರಲ್ರೀ" ಎಂದು ಸಿಡುಕಿದೆ. ನನ್ನ ಮೂಗಿನ ತುದಿಯ ಕೋಪ ಆಸ್ಪತ್ರೆಗೆಲ್ಲ ಗೊತ್ತು. ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಲೆಕ್ಕಕ್ಕಿಡುತ್ತಿರಲಿಲ್ಲ. ಆಗಲೇ ಮತ್ತೊಂದು ಸೈಕಲ್ಲನ್ನು ತಲೆಕೆಳಗೆ ಮಾಡಿ ನಿಲ್ಲಿಸುತ್ತಿದ್ದರು.

ಮತ್ತೆ ಅಲ್ಲಿಗೆ ಹೋಗಬಾರದು ಎಂದುಕೊಂಡೇ ಮಣಿಪಾಲಕ್ಕೆ ಮರಳಿದೆ. ಆದರೆ ಕುತೂಹಲ ಬಿಡಬೇಕಲ್ಲ. ಮಣ್ಣು ನೋಡಿ ಈ ಮನುಷ್ಯ ಏನು ಹೇಳಬಹುದು? ಮುಂದಿನ ವಾರ ನನ್ನ ಬ್ಯಾಗಿನಲ್ಲಿ ಮೂರು ಡಬ್ಬಿಗಳಿದ್ದವು. ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆಗೆ ಕೊಡುವ ಬಿಳಿಯ ಡಬ್ಬಿಗಳು, ಹೊಸವೇ. ಒಂದೊಂದರ ಮೇಲೂ ಊರಿನ ಹೆಸರು ಬರೆದಿದ್ದೆ. ಅವರು ಡಬ್ಬಿಗಳನ್ನು ನೋಡಿ, ನನ್ನನ್ನು ನೋಡಿ, "ಇದು ಖಾಲಿ ಮಣ್ಣೇ ಅಲ್ವಾ?" ಎಂದು ಖಾತ್ರಿ ಮಾಡಿಕೊಂಡು ಮುಚ್ಚಳ ತೆಗೆದರು.

ಮೊದಲು ಹೂಡೆಯ ಕಡಲತಡಿಯ ಮರಳು. ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ತಿಕ್ಕಿದರು. ಆಮೇಲೆ ಅದನ್ನೇ ಎಡಗೈಯ ಮಣಿಕಟ್ಟಿನ ಒಳಮೈಗೆ ಹಾಕಿ, ಅಲ್ಲಿ ಮೆಲ್ಲಗೆ ಉಜ್ಜಿ, ಕಣ್ಣು ಕಿರಿದು ಮಾಡಿದರು. "ಹೊಯಿಗೆ. ಹೊಯಿಗೆಯಲ್ಲಿ ಬಟನ್ ಎಂತ ಮಾಡ್ತದೆ? ಅಗೆದು ಹೊಂಡ ಮಾಡ್ತದೆ. ಅಲ್ಲಿಗೆ ಟಯರ್ ಅಗಲ ಇರ್ಬೇಕು, ಗಾಳಿ ಕಡಿಮೆ ಇರ್ಬೇಕು." ಆಮೇಲೆ ಮಟ್ಟುವಿನ ಗುಳ್ಳಬದನೆಯ ಗದ್ದೆಗಳ ಬದಿಯ ಮಣ್ಣು. ಅದೂ ಮಣಿಕಟ್ಟಿಗೆ ಹೋಯಿತು. "ಇದು ಹಿಡಿದರೆ ಬಿಡುವ ಜಾತಿ ಅಲ್ಲ. ಬಟನ್ ಹತ್ತಿರ ಹತ್ತಿರ ಇದ್ದರೆ ನಡುವೆ ಕೂತುಬಿಡ್ತದೆ, ಮಡ್‌ಗಾರ್ಡಿನ ಒಳಗೂ ಕೂತುಬಿಡ್ತದೆ. ಮತ್ತೆ ಸೈಕಲನ್ನು ನೀವು ಹೊತ್ತುಕೊಂಡು ಬರಬೇಕು." ಕಾರ್ಕಳದ ಕೆಂಪುಕಲ್ಲಿನ ಹರಳನ್ನು ಅಂಗೈಯಲ್ಲಿ ಉರುಳಿಸಿದರು. "ನಿಮ್ಮನ್ನು ಬೀಳಿಸಿದ್ದು ಇದು. ಕೆಳಗೆ ಗಟ್ಟಿ ನೆಲ, ಮೇಲೆ ಇದು. ತಿರುಗುವಾಗ ಬದಿಯಲ್ಲಿ ಬಟನ್ ಬೇಕು."

ನಾನು ಮೂರೂ ಡಬ್ಬಿಗಳ ಮುಚ್ಚಳ ಹಾಕುತ್ತಿದ್ದಾಗ ಕೇಳಿದರು, "ಮಣಿಪಾಲದಿಂದ ಇಲ್ಲಿಗೆಲ್ಲ ಹೇಗೆ ಹೋಗ್ತೀರಿ?"

"ಡಾಂಬರ್ ರೋಡ್‌ನ್ಯಾಗ."

"ಅದರ ಡಬ್ಬಿ ಎಲ್ಲಿ?"

ನನ್ನ ಮುಕ್ಕಾಲು ದಾರಿ ಡಾಂಬರು. ಹೊಲ, ಗುಡ್ಡ, ಕಡಲು ಎಂದು ಕನಸು ಕಾಣುತ್ತ ಅದನ್ನು ಮರೆತೇಬಿಟ್ಟಿದ್ದೆ. ಪೂರ್ತಿ ಬಟನ್ ಇದ್ದದ್ದು ಹಾಕಿಸಿದ್ದರೆ ಡಾಂಬರಿನ ಮೇಲೆ ಗುಂಯ್ಯೆಂದು ಎಳೆಯುತ್ತ ತುಳಿದು ತುಳಿದು ಮೊಣಕಾಲು ನೋಯಿಸಿಕೊಳ್ಳುತ್ತಿದ್ದೆ. ಕೊನೆಗೆ ಅವರು ತರಿಸುತ್ತೇನೆಂದದ್ದು ನಡುವೆ ನುಣುಪಾಗಿ, ಎರಡೂ ಬದಿಗೆ ಬಟನ್ ಇರುವ ಟಯರುಗಳನ್ನು, ನಲವತ್ತು ಮಿಲಿಮೀಟರ್ ಅಗಲದ್ದು. ನನ್ನ ಸೈಕಲ್ಲಿಗೆ ಮೊದಲಿದ್ದದ್ದು ಮೂವತ್ತೈದು. ಇದಕ್ಕಿಂತ ದಪ್ಪ ಬೇಕಿದ್ದರೆ ಮಡ್‌ಗಾರ್ಡ್ ಬಿಚ್ಚಬೇಕು ಎಂದರು. ಮಳೆಗಾಲದಲ್ಲಿ ಬೆನ್ನಿಗೆ ಕೆಸರು ಹಾರಿಸಿಕೊಂಡು ಡ್ಯೂಟಿಗೆ ಹೋಗುವವಳು ನಾನಲ್ಲ, ಆದ್ದರಿಂದ ನಲವತ್ತಕ್ಕೇ ಒಪ್ಪಿದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಮಣಿಕಟ್ಟೇ ಇತ್ತು. ಯಾಕೆ ಅಲ್ಲಿ ಉಜ್ಜಿದರು? ಗಲ್ಫಿನಲ್ಲಿ ಕಲಿತ ವಿದ್ಯೆಯೇ? ತಾಯಂದಿರು ಕೂಸಿನ ಹಾಲು ಬಿಸಿಯಿದೆಯೇ ಎಂದು ಮಣಿಕಟ್ಟಿಗೆ ಹನಿಸಿ ನೋಡುವುದಿಲ್ಲವೇ, ಹಾಗೆ ಮಣ್ಣಿಗೂ ಅದೇ ಸೂಕ್ಷ್ಮವಾದ ಜಾಗವಿರಬೇಕು ಎಂದು ನನಗೆ ನಾನೇ ಅರ್ಥ ಹೇಳಿಕೊಂಡೆ. ಮನೆಯಲ್ಲಿ ಸಕ್ಕರೆ, ರವೆ, ಉಪ್ಪು ಎಲ್ಲವನ್ನೂ ಮಣಿಕಟ್ಟಿಗೆ ಉಜ್ಜಿ ನೋಡಿದ್ದೂ ಆಯಿತು. ಬೆರಳಿಗೆ ತಿಳಿಯುವಷ್ಟು ಮಣಿಕಟ್ಟಿಗೆ ತಿಳಿಯುವುದಿಲ್ಲ. ಹಾಗಿದ್ದಮೇಲೆ ಯಾಕೆ ಎಂಬಲ್ಲಿಗೆ ನನ್ನ ಯೋಚನೆ ಹೋಗಲೇ ಇಲ್ಲ ನೋಡಿ.

ಟಯರ್ ಬಂದಿದೆ ಎಂದು ಫೋನ್ ಮಾಡಿದರು. ನಾನು ಹೋದಾಗ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಅಂಗಡಿ ತೆಗೆಯುತ್ತಿದ್ದರು. ಮುಂದಿನದನ್ನು ಹಾಕಿದರು. ಅಲ್ಲಿ ಜಾಗ ಧಾರಾಳವಾಗಿತ್ತು, ಕಿರುಬೆರಳು ಹೋಗಿ ಬಂತು. ಹಿಂದಿನದನ್ನು ಹಾಕಿ, ಗಾಳಿ ತುಂಬಿ, ಫ್ರೇಮಿನ ಕೊಳವೆಗೂ ಟಯರಿಗೂ ನಡುವೆ ಕಿರುಬೆರಳನ್ನು ತೂರಿಸಿ ಚಕ್ರವನ್ನು ಮೆಲ್ಲಗೆ ತಿರುಗಿಸಿದರು. "ಉಂಟು, ಜಾಗ ಉಂಟು" ಎಂದರು. ಚಕ್ರ ತಿರುಗುತ್ತಿದ್ದಂತೆ ಅದರ ಹೊಸ ರಬ್ಬರಿನ ಬದಿಗೆ ಕೆಂಪಗೆ ಏನೋ ಬಳಿದುಕೊಂಡು ಬಂತು. ಗ್ರೀಸು ಕೆಂಪಗಿರುವುದಿಲ್ಲ.

"ಸಾಹೇಬ್ರ, ಕೈ ನೋಡ್ರಿ."

ಅವರು ಎಡಗೈಯನ್ನು ನೋಡಿಕೊಂಡರು.

ರಕ್ತ ಬರುತ್ತಿದ್ದದ್ದು ಬಲಗೈಯಿಂದ. ಮಡ್‌ಗಾರ್ಡಿನ ಕಂಬಿಯ ತುದಿ ಕಿರುಬೆರಳಿನ ಪಕ್ಕವನ್ನು ಉಗುರಿನಿಂದ ಗೆಣ್ಣಿನವರೆಗೆ ಸೀಳಿತ್ತು. ಅಲ್ಲಿ ಬೆರಳಿಗೆ ಜಾಗವೇ ಇರಲಿಲ್ಲ, ಅವರು ತುರುಕಿದ್ದರು. ಅದನ್ನು ಅವರು ಕಂಡದ್ದು ನಾನು ಬೆರಳು ಮಾಡಿ ತೋರಿಸಿದ ಮೇಲೆ. "ಓ" ಎಂದರು. ನೋವು ಎನ್ನಲಿಲ್ಲ. ಬಟ್ಟೆಯ ಚೂರೊಂದನ್ನು ಸುತ್ತಿಕೊಂಡು, ಏನೂ ಆಗದವರಂತೆ ಪಂಪನ್ನು ಅದರ ಜಾಗದಲ್ಲಿಟ್ಟರು.

ನನಗೆ ಆಗ ಎಲ್ಲ ಒಟ್ಟಿಗೆ ತಿಳಿಯಿತು. ಮಣಿಕಟ್ಟು ವಿದ್ಯೆಯಲ್ಲ, ಉಳಿದದ್ದು. ಬೆರಳುಗಳಿಗೆ ಹೊಯಿಗೆಯೂ ಜೇಡಿಯೂ ಒಂದೇ ಆಗಿತ್ತು, ಸ್ಪರ್ಶವಿನ್ನೂ ಬದುಕಿದ್ದ ಹತ್ತಿರದ ಜಾಗಕ್ಕೆ ಅವರು ಮಣ್ಣನ್ನು ಒಯ್ಯುತ್ತಿದ್ದರು. ದಿನಕ್ಕೆ ಹತ್ತು ಜನರ ಕೈಯಲ್ಲಿ ಇದನ್ನೇ ಹುಡುಕುವ ನಾನು, ಕಣ್ಣೆದುರೇ ತೋರಿಸಿದ್ದನ್ನು ಮನೆಗೆ ಹೋಗಿ ರವೆ ಉಜ್ಜಿಕೊಂಡು ಪರೀಕ್ಷೆ ಮಾಡಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎರಡು ದಿನ ಬಿಟ್ಟು ಹೋದೆ, ಸೈಕಲ್ಲನ್ನು ಅಂದು ಅಂಗಡಿಯಲ್ಲೇ ಬಿಟ್ಟು ಬಂದಿದ್ದರಿಂದ ಬಸ್ಸಿನಲ್ಲಿ. ಬ್ಯಾಗಿನಲ್ಲಿ ನನ್ನ ಹತ್ಯಾರ ಇತ್ತು. ಅದೇನು ಮಹಾ ಯಂತ್ರವಲ್ಲ, ಒಂದು ಹಿಡಿ, ಅದರ ತುದಿಗೆ ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ಕಣ್ಣು ಮುಚ್ಚಿದವರ ಬೆರಳಿಗೆ ಅದನ್ನು ತಾಗಿಸುತ್ತೇವೆ. ತಾಗಿದಾಗ ಅವರು ಹೌದು ಎನ್ನಬೇಕು.

"ಇದೆಲ್ಲ ಯಾಕೆ?" ಎಂದರು.

"ನೀವು ನನ್ನ ದಾರಿಯ ಮಣ್ಣು ನೋಡೂತನಕ ಟಯರ್ ಕೊಡಲಿಲ್ಲ. ನಿಮ್ಮ ಕೈ ನೋಡೂತನಕ ನಾನೂ ಟಯರ್ ತೊಗೊಳ್ಳಂಗಿಲ್ರಿ."

ಅವರು ಮನೆಯ ಕಡೆಯ ಬಾಗಿಲನ್ನು ಎಳೆದುಕೊಂಡು ಬಂದು, ಸ್ಟೂಲಿನ ಮೇಲೆ ಕುಳಿತು, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಕಣ್ಣು ಮುಚ್ಚಿದರು.

ತೋರುಬೆರಳಿಗೆ ತಾಗಿಸಿದೆ. "ಹೌದು." ನಡುಬೆರಳು. "ಹೌದು." ನಿಧಾನಕ್ಕೆ, ಸಮನಾದ ಅಂತರದಲ್ಲಿ ಹೇಳುತ್ತಿದ್ದರು. ನನಗೆ ಅನುಮಾನ ಬಂತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ತೊಡೆಯ ಮೇಲಿಟ್ಟುಕೊಂಡೆ. "ಹೌದು" ಎಂದರು. ಹೊರಗೆ ಒಂದು ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. "ಹೌದು." ಮತ್ತೆ ಸ್ವಲ್ಪ ತಡೆದು, ಇನ್ನೂ ಮೆತ್ತಗೆ, "ಹೌದು."

ಆಸ್ಪತ್ರೆಯಲ್ಲಿ ಎಷ್ಟೋ ಜನ ಹೀಗೆ ಊಹಿಸಿ ಹೇಳುತ್ತಾರೆ, ನಾನು ಕಾಗದದಲ್ಲಿ ಗುರುತು ಹಾಕಿ ಮುಂದಿನವರನ್ನು ಕರೆಯುತ್ತೇನೆ. ಇವರನ್ನು ಗುರುತು ಹಾಕಿ ಕಳಿಸಿಬಿಡುವ ಹಾಗಿರಲಿಲ್ಲ. ಕೊನೆಗೆ ಅವರೇ ಕಣ್ಣು ತೆರೆದರು. ನೈಲಾನ್ ಎಳೆ ನನ್ನ ತೊಡೆಯ ಮೇಲಿರುವುದನ್ನು ನೋಡಿದರು.

"ಎಷ್ಟು ಮಾರ್ಕು?" ಎಂದರು.

"ಫೇಲ್ರಿ" ಎಂದೆ. ಇಂಥ ಬಾಯಿ ನನ್ನದು. ಆಡಿದ ಮೇಲೆ ಹಿಂತೆಗೆದುಕೊಳ್ಳಲಾದೀತೇ?

ಅವರು ನಕ್ಕರು. ಆ ನಗು ಬೇಗ ಮುಗಿಯಿತು. "ಎರಡು ವರ್ಷ ಆಯ್ತು. ಮುಳ್ಳು ಸಿಗುವುದಿಲ್ಲ ಮೇಡಂ. ಬೆರಳು ಆಡಿಸಿದ ಹಾಗೆ ಮಾಡ್ತೇನೆ, ಮತ್ತೆ ಗಿರಾಕಿಗಳು ಆಚೆ ನೋಡುವಾಗ ಬೆಳಕಿಗೆ ಹಿಡಿದು ಹುಡುಕ್ತೇನೆ. ಸಕ್ಕರೆ ಕಾಯಿಲೆ ಅಂತ ಗೊತ್ತುಂಟು. ಗುಳಿಗೆ ಒಮ್ಮೊಮ್ಮೆ ತಿನ್ನುವುದು, ಒಮ್ಮೊಮ್ಮೆ ಬಿಡುವುದು." ಮನೆಯ ಬಾಗಿಲಿನತ್ತ ಒಮ್ಮೆ ನೋಡಿದರು. "ಅವಳಿಗೆ ಹೇಳಿದರೆ ಅಂಗಡಿ ಮುಚ್ಚಿ ಅಂತಾಳೆ. ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗುವುದು?"

ಅವರ ಕೈ ಹಿಡಿದು ಎಳೆಯನ್ನು ಅಂಗೈಗೆ, ಅಲ್ಲಿಂದ ಮೇಲಕ್ಕೆ ತಾಗಿಸುತ್ತ ಹೋದೆ. ಮಣಿಕಟ್ಟಿನ ಹತ್ತಿರ ಬಂದಾಗ ಸರಿಯಾದ ಗಳಿಗೆಗೆ "ಹೌದು" ಎಂದರು. ಅದು ನಿಜವಾದ ಹೌದು, ಕೇಳಿದರೆ ಗೊತ್ತಾಗುತ್ತದೆ. ಪೆನ್ನಿನಿಂದ ಅಲ್ಲೊಂದು ಗೆರೆ ಎಳೆದೆ. "ಇಲ್ಲೀತನಕ ಹೋಗೇತ್ರಿ. ಹೋದದ್ದನ್ನ ತಿರುಗಿ ತರ್ತೀನಿ ಅಂತ ಹೇಳಂಗಿಲ್ಲ. ಈ ಗೆರಿ ದಾಟದಂಗ ನೋಡಬೇಕು. ಸೋಮವಾರ ಆಸ್ಪತ್ರೆಗೆ ಬರ್ರಿ."

ಸೋಮವಾರ ಬರಲಿಲ್ಲ. ಬುಧವಾರ ಬಂದರು, ಹೆಂಡತಿಯನ್ನೂ ಕರೆದುಕೊಂಡು. ಎಲ್ಲವನ್ನೂ ಹೇಳಿದ್ದರು. ಆಕೆ ಅಂಗಡಿ ಮುಚ್ಚಿ ಎನ್ನಲಿಲ್ಲವಂತೆ. "ನನಗೆ ಮೊದಲೇ ಗೊತ್ತಿತ್ತು, ಬಿಸಿ ಪಾತ್ರೆಯನ್ನು ಬಟ್ಟೆ ಇಲ್ಲದೆ ಹಿಡಿಯುತ್ತಿದ್ದರು" ಎಂದು ನನ್ನೊಂದಿಗೆ ಹೇಳಿದರು. ಆ ಮನೆಯಲ್ಲಿ ಗಂಡ ಹೆಂಡತಿಯಿಂದ, ಹೆಂಡತಿ ಗಂಡನಿಂದ ಒಂದೇ ಸಂಗತಿಯನ್ನು ಎರಡು ವರ್ಷ ಮುಚ್ಚಿಟ್ಟಿದ್ದರು.

ನನ್ನ ಹಿಂದಿನ ಟಯರನ್ನು ಬಿಚ್ಚಿ ಮೂವತ್ತೆಂಟರದ್ದು ಹಾಕಿದರು. ಮುಂದೆ ನಲವತ್ತು, ಹಿಂದೆ ಮೂವತ್ತೆಂಟು. ಭಾನುವಾರದ ಜೊತೆಯವರು ಎರಡು ಕಾಲಿಗೆ ಎರಡು ಜಾತಿಯ ಚಪ್ಪಲಿ ಎಂದು ಗೇಲಿ ಮಾಡಿದರು. ಯಾಕೆ ಹಾಗಾಯಿತೆಂದು ನಾನು ಬಾಯಿಬಿಡಲಿಲ್ಲ. ಆದರೆ ಕಾರ್ಕಳದ ಅದೇ ಇಳಿಜಾರಿನಲ್ಲಿ ಮುಂದಿನ ಚಕ್ರ ನೆಲ ಕಚ್ಚಿ ಹಿಡಿಯಿತು, ಡಾಂಬರಿಗೆ ಬಂದಾಗ ಹಿಂದಿನದು ಹಗುರಾಗಿ ಉರುಳಿತು. ಕೆಳಗೆ ತಲುಪಿ ನಿಂತು, ಮೇಲಕ್ಕೆ ನೋಡಿ, ಒಬ್ಬಳೇ ನಕ್ಕೆ. ಹೋಗಿ ಹೇಳಿದರೆ ಆ ಮಹಾನುಭಾವರು, "ಮೊದಲೇ ಹಾಗೇ ಹಾಕಬೇಕು ಅಂತ ಇದ್ದೆ" ಎಂದರು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ.

ಅದಾದ ಮೇಲೆ ಅಂಗಡಿಯಲ್ಲಿ ಎರಡು ಹೊಸ ವಸ್ತುಗಳು ಕಂಡವು. ಒಂದು, ಅಂಗಿಯ ಜೇಬಿನಲ್ಲಿ ಹತ್ತಿಯ ಉಂಡೆ. ಅದನ್ನು ಟಯರಿನ ಒಳಗೆ ಆಡಿಸುತ್ತಿದ್ದರು, ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಂದು, ಹಲಸಿನ ಮರದ ಒಂದು ಕಡ್ಡಿ, ಕಿರುಬೆರಳಿನಷ್ಟೇ ದಪ್ಪ, ಅಷ್ಟೇ ಉದ್ದ, ತುದಿ ದುಂಡಗೆ ಉಜ್ಜಿ ನುಣುಪು ಮಾಡಿದ್ದು. ಈಗ ಫ್ರೇಮಿನ ಸಂದಿಗೆ ಅದು ಹೋಗುತ್ತಿತ್ತು. ಎಂತ ಕಾಕ ಇದು ಎಂದು ಗಿರಾಕಿಗಳು ಕೇಳಿದರೆ, "ಬೆರಳು ಅವರವರದ್ದು ಬೇರೆ ಬೇರೆ ಅಲ್ವಾ ಮಾರಾಯ, ಅಳತೆ ಒಂದೇ ಇರ್ಲಿ ಅಂತ" ಎನ್ನುತ್ತಿದ್ದರು. ಹಾಗೆ ಹೇಳುವಾಗ ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ. ಆ ಕಡ್ಡಿ ಮತ್ತು ಹತ್ತಿಯ ಮೇಲೆ ಅಂಗಡಿ ಇನ್ನೂ ಮೂರು ವರ್ಷ ನಡೆಯಿತು. ಪೆನ್ನಿನ ಗೆರೆಯನ್ನು ನಾನು ಆರು ತಿಂಗಳಿಗೊಮ್ಮೆ ಹೊಸದಾಗಿ ಎಳೆಯುತ್ತಿದ್ದೆ, ಅದು ಇದ್ದಲ್ಲೇ ಇತ್ತು.

ಕಣ್ಣೂ ಮಂಜಾದ ಮೇಲೆ ಹೋದ ವರ್ಷ ತಾವಾಗಿಯೇ ಅಂಗಡಿ ಮುಚ್ಚಿದರು. ಆ ದಿನ ನನ್ನನ್ನು ಕರೆಸಿ ಕಡ್ಡಿಯನ್ನು ಕೊಟ್ಟರು. "ಇಟ್ಟುಕೊಳ್ಳಿ. ಟಯರ್ ತಗೊಳ್ಳುವಾಗ ಅಂಗಡಿಯವರು ಎಂತ ಹೇಳಿದರೂ ಇದನ್ನು ಹಾಕಿ ನೋಡಿ. ನನ್ನ ಬೆರಳು ಕಡೆಗೆ ನಿಮಗೆ ಸುಳ್ಳು ಹೇಳಿತು. ಇದು ಹೇಳ್ಲಿಕ್ಕಿಲ್ಲ."

ನಿನ್ನೆ ಉಡುಪಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅಲ್ಲಿದ್ದ ಹೆಣ್ಣುಮಗಳು ಮುಂದಿನ ಟಯರಿನ ನಂಬರನ್ನೂ ಹಿಂದಿನದರ ನಂಬರನ್ನೂ ಓದಿ, "ಯಾರೋ ತಪ್ಪಿ ಹಾಕಿದ್ದಾರೆ ಮೇಡಂ, ಎರಡೂ ಒಂದೇ ಇರ್ಬೇಕು" ಎಂದಳು. ತಪ್ಪಿ ಹಾಕಿದ್ದಲ್ಲ, ಅಳೆದು ಹಾಕಿದ್ದು ಎಂದೆ. ಮೂವತ್ತೆಂಟರದ್ದೇ ಹಾಕಿಸಿದೆ. ಆಕೆ ಗಾಳಿ ತುಂಬಿದ ಮೇಲೆ ನಾನು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಬ್ಯಾಗಿನಿಂದ ಕಡ್ಡಿ ತೆಗೆದು, ಟಯರಿಗೂ ಫ್ರೇಮಿಗೂ ನಡುವೆ ತೂರಿಸಿ, ಕಣ್ಣು ಮುಚ್ಚಿ ಚಕ್ರ ತಿರುಗಿಸಿದೆ. ಒಂದು ಪೂರ್ತಿ ಸುತ್ತು ಬಂತು. ಎಲ್ಲಿಯೂ ಏನೂ ತಾಗಲಿಲ್ಲ.

"ಹೌದು" ಎಂದೆ.